ರಿಬ್ಬನ್ ಕಟ್ಟಿದ ದೋಣಿ

"ನಿಲ್ಲಿಸ್ರಿ," ಎಂದು ಅಂಜಿನವ್ವ ಗಂಡನ ಚಟ್ಟಕ್ಕೆ ಅಡ್ಡ ಬಂದಳು.

ಹೆಗಲು ಕೊಟ್ಟವರು ಆಗಲೇ ಸೇತುವೆಯ ರಸ್ತೆಗೆ ತಿರುಗಿದ್ದರು. ಹಲಗೆ ಬಡಿಯುತ್ತಿದ್ದವರ ಕೈ ನಿಂತಿತು. ಮುಂದಿದ್ದ ಮೈದುನ ಸಿದ್ದು, "ಅತ್ತಿಗೆ, ಬಿಸಿಲು ಏರ್ತಾ ಐತೆ. ದಾರಿ ಬಿಡ್ರಿ," ಎಂದ.

"ಬ್ರಿಜ್ ಮ್ಯಾಲೆ ಬ್ಯಾಡ. ನಿಮ್ಮಜ್ಜ ನೀರಿನ ಮ್ಯಾಲೆ ಹೋದ, ನಿಮ್ಮಪ್ಪ ನೀರಿನ ಮ್ಯಾಲೆ ಹೋದ. ನಿಮ್ಮಣ್ಣನ್ನೂ ಹಂಗೇ ಆಚೆ ದಂಡೆ ಸುಡುಗಾಡಿಗೆ ಒಯ್ರಿ."

"ಯಾವುದ್ರಾಗೆ ಒಯ್ಯಾದು? ತೆಪ್ಪ ಎಲ್ಲೈತೆ?"

ಅಂಜಿನವ್ವ ಬೇವಿನ ಮರದ ಕೆಳಗೆ, ಕಲ್ಲುಗಳ ಮೇಲೆ ಕೂತಿದ್ದ ಹಳದಿ ದೋಣಿಯ ಕಡೆ ನೋಡಿದಳು. ಅದಕ್ಕೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿತ್ತು. ಜನರೂ ಅತ್ತ ನೋಡಿದರು, ಆಮೇಲೆ ಹಾರ ಹಿಡಿದು ನಿಂತಿದ್ದ ಕೊಟ್ಟೂರೇಶನ ಕಡೆ ನೋಡಿದರು. ದೋಣಿ ಕೊಟ್ಟ ದಾವಣಗೆರೆಯ ಪ್ರವಾಸೋದ್ಯಮ ಆಫೀಸಿನಲ್ಲಿ ಅವನು ಗುತ್ತಿಗೆ ನೌಕರ.

"ಅದು ಉದ್ಘಾಟನೆ ಆಗಿಲ್ಲವ್ವ," ಎಂದ ಕೊಟ್ಟೂರೇಶ, ತನಗೇ ಕೇಳಿಸದಷ್ಟು ಮೆಲ್ಲಗೆ.

*

ಅಂಜಿನವ್ವನ ಗಂಡ ರೇವಣ್ಣ ಹರಿಹರದ ಹೊಳೆಯಲ್ಲಿ ಬಿದಿರಿನ ದುಂಡು ತೆಪ್ಪ ಹಾಕಿ ಬದುಕಿದವನು. ದೇವಸ್ಥಾನಕ್ಕೆ ಬಂದವರನ್ನು ಕೂರಿಸಿಕೊಂಡು ನೀರಿನಲ್ಲಿ ಒಂದು ಸುತ್ತು ಹಾಕಿಸುವುದು ಅವನ ಕಸುಬು. ಮಕ್ಕಳು ಕೂತರಂತೂ ತೆಪ್ಪವನ್ನು ಬುಗುರಿಯ ಹಾಗೆ ತಿರುಗಿಸುತ್ತಿದ್ದ. ಅವು ಕಿರುಚಿದಷ್ಟೂ ಇವನಿಗೆ ಖುಷಿ.

ಕೊರೊನಾ ಬಂತು, ದಂಡೆಗೆ ಬೇಲಿ ಬಿತ್ತು. ಸಿದ್ದು ದಾವಣಗೆರೆಯ ವಿನೋಬನಗರ ಸೇರಿ ಆಟೋ ಹಿಡಿದ. ಮಗುಚಿಟ್ಟ ತೆಪ್ಪಗಳ ಬಿದಿರು ಗೆದ್ದಲಿನ ಪಾಲಾಯಿತು.

ಎಲ್ಲ ತಣ್ಣಗಾದ ಮೇಲೆ, ಪ್ರವಾಸೋದ್ಯಮದ ಚೇತರಿಕೆಗೆಂದು ಸರ್ಕಾರ ರೇವಣ್ಣನಿಗೆ ದೋಣಿ ಕೊಟ್ಟಿತು. ಸುಳ್ಳು ಯಾಕೆ ಹೇಳಬೇಕು, ಒಳ್ಳೆಯ ದೋಣಿಯನ್ನೇ ಕೊಟ್ಟಿತು. ದೊಡ್ಡವರು ಬಂದು ರಿಬ್ಬನ್ ಕತ್ತರಿಸುವ ತನಕ ನೀರಿಗೆ ಇಳಿಸಬಾರದು ಎಂದಷ್ಟೇ ಹೇಳಿತು. ಒಮ್ಮೆ ಚುನಾವಣೆ ಬಂತು, ಒಮ್ಮೆ ಹೊಳೆ ತುಂಬಿ ಬಂತು. ಆಮೇಲೆ ಏನೂ ಬರಲಿಲ್ಲ, ದೊಡ್ಡವರೂ ಬರಲಿಲ್ಲ.

ರೇವಣ್ಣ ಮಾತ್ರ ದಿನಾ ಬೆಳಿಗ್ಗೆ ಕೊಡದಲ್ಲಿ ನೀರು ತಂದು ದೋಣಿ ತೊಳೆಯುತ್ತಿದ್ದ. ಮಳೆಗೆ ರಿಬ್ಬನ್ ಬಣ್ಣ ಬಿಟ್ಟರೆ ದಾವಣಗೆರೆಯ ಮಂಡಿಪೇಟೆಯಿಂದ ಹೊಸದು ತಂದು ಕಟ್ಟುತ್ತಿದ್ದ.

"ಯಾರೂ ಇಲ್ಲದಾಗ ಒಂದು ಸುತ್ತು ಹೋಗಿ ಬಾ. ದೋಣಿ ಏನು ಸವೀತೈತಾ?" ಎಂದು ಅಂಜಿನವ್ವ ರೇಗಿಸಿದ್ದಳು.

"ನಂಬಿ ಕೊಟ್ಟಾರೆ. ಬರ್ತಾರೆ ಬಿಡು."

ಆ ನಂಬಿಕೆ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಸಂಜೆ ಕಲ್ಲಿನ ಮೇಲಿನ ದೋಣಿಯಲ್ಲಿ ಅವನೊಬ್ಬನೇ ಹೊಳೆ ನೋಡುತ್ತ ಕೂತಿರುತ್ತಿದ್ದ. ಅದನ್ನು ಕಂಡಾಗ ಆ ಸಿಟ್ಟೂ ಉಳಿಯುತ್ತಿರಲಿಲ್ಲ.

*

"ನಾನು ಪರ್ಮನೆಂಟ್ ಅಲ್ಲವ್ವ," ಎಂದ ಕೊಟ್ಟೂರೇಶ. "ಯಾರಾದ್ರೂ ಒಂದು ಫೋಟೋ ಕಳಿಸಿದ್ರೂ ನನ್ನ ಕೆಲಸ ಹೋಗ್ತೈತೆ. ಮನ್ಯಾಗೆ ಸಣ್ಣ ಕೂಸೈತೆ."

"ನಮ್ಮಣ್ಣ ಕಾದು ಕಾದು ಸತ್ತ," ಎಂದು ಸಿದ್ದು ಗುಡುಗಿದ. "ಯಾರ್ರೋ ಅಲ್ಲಿ, ಕತ್ತರಿ ತರ್ರಿ!"

ಅಂಜಿನವ್ವ ಮೈದುನನಿಗೆ ಸುಮ್ಮನಿರುವಂತೆ ಕೈ ಮಾಡಿದಳು. ಜಗಳವಾಡುವ ತ್ರಾಣ ಅವಳಲ್ಲಿರಲಿಲ್ಲ.

"ತಮ್ಮಾ, ಇದನ್ನ ತೊಳೆದ ಮ್ಯಾಲೇ ಅವ ಚಾ ಕುಡಿತಿದ್ದ. ನೀರಾಗೆ ಒಂದಿನ ಹತ್ತಲಿಲ್ಲ. ಇವತ್ತೊಂದಿನ ಹತ್ಲಿ."

ಕೊಟ್ಟೂರೇಶ ಹಾರವನ್ನು ಹೆಣದ ಎದೆಯ ಮೇಲಿಟ್ಟ.

"ಕತ್ತರಿಸಬ್ಯಾಡ್ರಿ," ಎಂದ ಕೊನೆಗೆ. "ಬಿಚ್ರಿ."

ಗಂಟು ರೇವಣ್ಣನ ಕೈಯದು. ಅಂಜಿನವ್ವ ಅದನ್ನು ಉಗುರಿನಿಂದ ಬಿಡಿಸಿದಳು. ರಿಬ್ಬನ್ ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ದೋಣಿ ನೀರಿಗೆ ಜಾರಿತು. ಸಿದ್ದು ಹುಟ್ಟು ಹಿಡಿದ. ಆಟೋ ಓಡಿಸಿದರೂ ಕೈ ಮರೆತಿರಲಿಲ್ಲ. ನಡುಹೊಳೆಗೆ ಬಂದಾಗ ಅವನು ಯಾರನ್ನೂ ಕೇಳದೆ ದೋಣಿಯನ್ನು ತಿರುಗಿಸಿದ. ಅದು ತೆಪ್ಪದ ಹಾಗೆ ಗಿರ್ರನೆ ತಿರುಗಲಿಲ್ಲ. ಹೆಣಭಾರಕ್ಕೆ ಮೆಲ್ಲಗೆ, ಒಂದು ಸುತ್ತು ತಿರುಗಿತು. ಬೆಳಗಿನಿಂದ ಒಣಗಿದ್ದ ಅಂಜಿನವ್ವನ ಕಣ್ಣು ಅಲ್ಲಿ ತುಂಬಿ ಬಂದವು.

ಮಣ್ಣು ಮಾಡಿ ಮರಳುವಾಗ ಹೊತ್ತು ಇಳಿದಿತ್ತು. ಎಲ್ಲರೂ ಕೈಹಚ್ಚಿ ದೋಣಿಯನ್ನು ಮತ್ತೆ ಕಲ್ಲಿನ ಮೇಲೆ ಕೂರಿಸಿದರು. ಕೊಟ್ಟೂರೇಶ ಒಳಗೆ ಅಂಟಿದ್ದ ಹೂವಿನ ಎಸಳುಗಳನ್ನು ಒಂದೊಂದಾಗಿ ಆರಿಸಿದ.

ಅಂಜಿನವ್ವ ಸೆರಗಿನಿಂದ ರಿಬ್ಬನ್ ತೆಗೆದಳು.

"ಇನ್ನೂ ಯಾಕ ಅತ್ತಿಗೆ?" ಎಂದ ಸಿದ್ದು.

"ಅವನಿಗೂ ಕೂಸೈತಂತೆ," ಎಂದಳು ಕೊಟ್ಟೂರೇಶನ ಕಡೆ ನೋಡಿ.

ಗಂಡನ ಗಂಟು ಅವಳಿಗೆ ಬರುತ್ತಿರಲಿಲ್ಲ. ಶಾಲೆಗೆ ಹೋಗುವ ಹುಡುಗಿಯ ಜಡೆಗೆ ಕಟ್ಟುವ ಹಾಗೆ ಹೂಗಂಟು ಹಾಕಿದಳು. ದೋಣಿಯ ತಳದಿಂದ ಹೊಳೆಯ ನೀರು ಕಲ್ಲುಗಳ ಮೇಲೆ ಇನ್ನೂ ತೊಟ್ಟಿಕ್ಕುತ್ತಿತ್ತು.