ಕಿಸೆಯಲ್ಲಿ ಉಳಿದ ಚೀಟಿ

ತುಳುವರ ಸೋಣ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಮಳೆ ಸ್ವಲ್ಪ ಬಿಟ್ಟಿತ್ತು. ಕೊಟ್ಟಾರದ ಫ್ಲ್ಯಾಟಿನ ವಾಚ್‌ಮನ್ ಮುದ್ದು ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟು, ಉಳ್ಳಾಲದಿಂದ ಸ್ಕೂಟರಿನಲ್ಲಿ ಮೀನು ತರುವ ಉಬೈದನನ್ನು ನಿಲ್ಲಿಸಿದ. ಮೀನಿನವರು ಲಿಫ್ಟ್ ಹತ್ತಬಾರದೆಂದು ಸೆಕ್ರೆಟರಿ ಜಯಪಾಲರು ಗೋಡೆಗೆ ಆದೇಶ ಅಂಟಿಸಿದ್ದರು. ನಾಲ್ಕು ಜನ ನೋಡುತ್ತಿದ್ದುದರಿಂದ ಮುದ್ದುವಿನ ದನಿಯೂ ಏರಿತು.

"ಬಂಗುಡೆಗೆ ಕಾಲಿಲ್ಲ ಮುದ್ದಣ್ಣ, ಅದಾದರೂ ಲಿಫ್ಟಲ್ಲಿ ಹೋಗಲಿ. ನನಗೆ ಒಂದೂವರೆ ಕಾಲು ಉಂಟು, ನಡೀತೇನೆ" ಎಂದ ಉಬೈದ್. ನೋಡುತ್ತಿದ್ದವರು ನಕ್ಕರು. ಆ ನಗು ಮುದ್ದುವಿಗೆ ಚುಚ್ಚಿತು.

ಉಬೈದನ ಎಡಮೊಣಕಾಲು ಹಾಳಾಗಿ ವರ್ಷಗಳಾಗಿದ್ದವು. ಆದರೂ ನಾಲ್ಕನೇ ಮಾಳಿಗೆಗೆ ಹೋಗಲೇಬೇಕು. ಅಲ್ಲಿ ಹಾಸಿಗೆ ಹಿಡಿದ ಲಿಡಿಯಾಬಾಯಿ ಮೀನಿನ ಕಿವಿರು ತಾವೇ ಎತ್ತಿ ನೋಡದೆ ಕೊಳ್ಳುವವರಲ್ಲ.

ಮರುದಿನ ಅವರ ಮಗಳು ಬೆನಿಟಾ ಜಯಪಾಲರ ಹತ್ತಿರ ಹೋಗಿ ಜಗಳವಾಡಿದಳು. ಸಂಜೆ ಜಯಪಾಲರು ಮುದ್ದುವಿಗೆ ಒಂದು ಚೀಟಿ ಕೊಟ್ಟು, ಅಂಟಿಸು ಎಂದರು. ಎರಡನೇ ಕ್ಲಾಸು ಓದಿದ ಮುದ್ದು ಅಕ್ಷರ ಕೂಡಿಸಿ ಓದಿದ: ಆದೇಶ ರದ್ದು.

ಆದರೆ ಅಂಟಿಸಲು ಕೈ ಏಳಲಿಲ್ಲ. ನಿನ್ನೆ ತಡೆದವನು ಇವತ್ತು ಬಾಗಿಲು ಬಿಟ್ಟರೆ ಜನ ಮತ್ತೆ ನಗುತ್ತಾರೆ. ಗಮ್‌ಟೇಪು ಮುಗಿದಿದೆ ಎಂದು ತನಗೆ ತಾನೇ ಹೇಳಿಕೊಂಡು ಚೀಟಿಯನ್ನು ಕಿಸೆಗೆ ಹಾಕಿದ. ಟೇಪು ಡ್ರಾವರಿನಲ್ಲೇ ಇತ್ತು.

ಬುಧ, ಗುರು, ಶುಕ್ರ, ಮೂರು ದಿನವೂ ಉಬೈದ್ ಮೆಟ್ಟಿಲು ಹತ್ತಿದ. ಅವನು ಎಲ್ಲೆಲ್ಲಿ ನಿಂತು ಉಸಿರು ಬಿಡುತ್ತಾನೆಂಬುದು ಕೆಳಗೆ ಕೂತ ಮುದ್ದುವಿಗೆ ಕೇಳುತ್ತಿತ್ತು.

ಶನಿವಾರ ಎರಡನೇ ಮಾಳಿಗೆಯಲ್ಲಿ ಸದ್ದು ನಿಂತುಹೋಯಿತು. ಮುದ್ದು ಓಡಿದ. ಉಬೈದ್ ಗೋಡೆಗೆ ಒರಗಿ ಕೂತಿದ್ದ, ಮೊಣಕಾಲು ಊದಿತ್ತು. ಮುದ್ದು ಕಿಸೆಯ ಚೀಟಿ ತೆಗೆದು ಅವನ ಕೈಗಿಟ್ಟು, ಮಂಗಳವಾರವೇ ಬಂದದ್ದು ಎಂದ. ತಲೆ ಎತ್ತಲಾಗಲಿಲ್ಲ.

ಉಬೈದ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ರದ್ದು ಅಂದರೆ ಎಂತ, ಗೊತ್ತುಂಟಾ? ಅರಬಿಯಿಂದ ಬಂದ ಮಾತು. ಮದರಸದಲ್ಲಿ ಉಸ್ತಾದರು ಹೇಳಿದ್ದರು, ರದ್ದ್ ಅಂದರೆ ಹಿಂದಕ್ಕೆ ಕಳಿಸುವುದು. ಆದೇಶ ಹಿಂದೆ ಹೋಯಿತು ಮಾರಾಯ. ನಾನು ಹತ್ತಿದ ಮೆಟ್ಟಿಲು ಹಿಂದೆ ಹೋಗ್ತದಾ?"

ಲಿಡಿಯಾಬಾಯಿಯ ಬಂಗುಡೆಯನ್ನು ಮುದ್ದುವಿನ ಕೈಗೆ ಕೊಟ್ಟು, ಕಂಬಿ ಹಿಡಿದು ಇಳಿದ. ಉಳಿದೆರಡು ಮಾಳಿಗೆಯನ್ನು ಮುದ್ದು ಮೆಟ್ಟಿಲಲ್ಲೇ ಹತ್ತಿದ. ಉಬೈದ್ ಎಲ್ಲಿ ಎಂದು ಮುದುಕಿ ಕೇಳಿದಾಗ ಮೀನಿನ ಕಿವಿರು ಎತ್ತಿ ತೋರಿಸಿದ.

ಕೆಳಗೆ ಬಂದು ಚೀಟಿ ಅಂಟಿಸುವಷ್ಟರಲ್ಲಿ ಸ್ಕೂಟರು ಗೇಟು ದಾಟಿತ್ತು. ಉಬೈದ್ ಆ ಗೇಟಿನಿಂದ ಹೋದದ್ದು ಆ ಶನಿವಾರ; ಮತ್ತೆ ಬರಲಿಲ್ಲ.