ಅರ್ಧಕ್ಕೆ ನಿಂತ ತೇರ್ಸ್

ಚಪ್ಪಲಿಯ ಸಪ್ಪಳ ಬಾಗಿಲ ಹೊರಗೆ ನಿಂತಿತು, ಪ್ಲಾಸ್ಟಿಕ್ ಚೀಲ ಚರಚರ ಅಂದಿತು, ಬಾಗಿಲಿಗೆ ಎರಡು ಏಟು, ಮತ್ತೆ ಚಪ್ಪಲಿ ದೂರ ದೂರ — ಊಟ, ಅಂದರೆ ಹನ್ನೆರಡೂಮುಕ್ಕಾಲು, ಅಂದರೆ ಇನ್ನು ಕಾಲು ಗಂಟೆಗೆ ಕಾರ್ಕಳದ ಫೋನು, ಲಿಡ್ವಿನ್ ಮಂಚದ ತುದಿಯಲ್ಲಿ ಕುಳಿತು ಹತ್ತರವರೆಗೆ ಎಣಿಸಿದ, ತಂದಿಟ್ಟವನು ಮೆಟ್ಟಿಲು ಇಳಿಯುವ ಮೊದಲು ಬಾಗಿಲು ತೆಗೆಯಬಾರದೆಂದು ನಿಯಮ, ನಿಯಮವನ್ನು ಅವನಷ್ಟು ಚೆನ್ನಾಗಿ ಪಾಲಿಸುವವರು ಈ ಮಣಿಪಾಲದ ಕ್ವಾರಂಟೈನ್ ಲಾಡ್ಜಿನಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ, ಹನ್ನೊಂದು ವರ್ಷ ಪ್ರವಾಸಿ ಹಡಗಿನಲ್ಲಿ ಕೋಣೆ ಒರೆಸಿ ಹಾಸಿಗೆ ಹಾಸಿದವನು, ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ನಗುತ್ತಾ ನಿಲ್ಲುವುದೇ ಅವನ ಹೊಟ್ಟೆಪಾಡು, ಈಗ ಬಾಗಿಲಿನ ಒಳಬದಿಯಲ್ಲಿ ಕುಳಿತುಕೊಳ್ಳುವುದು ಎಷ್ಟು ಕಷ್ಟ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಾಗಿಲ ಹೊರಗಿನ ಕುರ್ಚಿಯ ಮೇಲೆ ಕುಚ್ಚಲಕ್ಕಿ ಅನ್ನ, ಹೆಸರುಕಾಳಿನ ಗಸಿ, ಉಪ್ಪಿನಕಾಯಿಯ ಸಣ್ಣ ಪೊಟ್ಟಣ, ನಿನ್ನೆಯೂ ಇದೇ, ನಾಳೆ ಇಲ್ಲ, ನಾಳೆ ಹದಿನಾಲ್ಕನೆಯ ದಿನ, ಮೂಗಿಗೆ ಕಡ್ಡಿ ಹಾಕಿ ಕಣ್ಣಲ್ಲಿ ನೀರು ಬರಿಸಿದ ಎರಡನೆಯ ಪರೀಕ್ಷೆಯೂ ನೆಗೆಟಿವ್ ಎಂದಾಗಿದೆ, ನಾಳೆ ಬೆಳಿಗ್ಗೆ ಶಂಕರಪುರದ ಮನೆಗೆ ಹೋಗಬಹುದು, ಸಂತೋಷಪಡು ಮಾರಾಯ ಎಂದು ತನಗೆ ತಾನೇ ಹೇಳಿಕೊಂಡ, ಸಂತೋಷವೂ ನಿಯಮ ಪಾಲಿಸುವ ಜಾತಿಯದ್ದೋ ಏನೋ, ಹೊರಗಿನ ಕುರ್ಚಿ ದಾಟಿ ಒಳಗೆ ಬರಲಿಲ್ಲ. ಲಾಡ್ಜಿನವರು ಕೊಟ್ಟ ಒಂದೇ ತೆಳು ಟವೆಲನ್ನು ಮೂರನೆಯ ದಿನ ಮಡಚಿ ಆನೆ ಮಾಡಿ ದಿಂಬಿನ ಮೇಲೆ ಕೂರಿಸಿದ್ದ, ಹಡಗಿನಲ್ಲಿ ದಿನಕ್ಕೆ ಹದಿನಾರು ಆನೆ ಮಾಡುತ್ತಿದ್ದ ಕೈ, ಪ್ರವಾಸಿಗಳ ಮಕ್ಕಳು ಕಿರುಚಿಕೊಂಡು ಓಡಿ ಬರುತ್ತಿದ್ದರು, ಇಲ್ಲಿ ಆನೆಯೂ ಅವನೂ ಒಬ್ಬರನ್ನೊಬ್ಬರು ನೋಡುತ್ತಾ ಕುಳಿತರು, ಸಂಜೆ ಸ್ನಾನಕ್ಕೆ ಹೋಗುವಾಗ ಆನೆಯನ್ನು ಬಿಚ್ಚಿ ಮೈ ಒರೆಸಿಕೊಳ್ಳಬೇಕಾಯಿತು, ಆಗ ಅಳು ಬಂತು, ಟವೆಲಿಗಾಗಿ ಅಳುವ ಗಂಡಸು ಎಂದು ನಗುವೂ ಬಂತು, ನಗು ಬೇಗ ಮುಗಿಯಿತು.

ಅನ್ನ ಕಲಸಿದ, ಬಾಯಿಗೆ ಇಡಲಿಲ್ಲ, ಮೇಜಿನ ಮೇಲೆ ಫೋನು ಮುಖ ಕೆಳಗೆ ಮಾಡಿ ಮಲಗಿದೆ, ದಿನಾ ಒಂದು ಗಂಟೆಗೆ ಅದು ಸದ್ದಿಲ್ಲದೆ ನಡುಗುತ್ತದೆ, ಜೋಸ್ಲಿನ್‌ಬಾಯಿ, ಹಡಗಿನಲ್ಲಿ ಜೊತೆಗಿದ್ದ ಬೆಂಜಮಿನ್‌ಬಾಬನ ಹೆಂಡತಿ, ಈಗ ಹೆಂಡತಿ ಅನ್ನಬೇಕೋ ವಿಧವೆ ಅನ್ನಬೇಕೋ, ಕಾರ್ಕಳದಲ್ಲಿ ಕಲ್ಲಿನ ಕೋರೆಯ ಬಳಿ ಮನೆ, ಹನ್ನೆರಡು ದಿನ ಹನ್ನೆರಡು ಸಲ ಕರೆ ಮಾಡಿದ್ದಾರೆ, ಹನ್ನೆರಡು ಸಲವೂ ಅವನು ಎತ್ತಲಿಲ್ಲ. ಎತ್ತಿದರೆ ಕೇಳುವುದು ಒಂದೇ ಪ್ರಶ್ನೆ, ಕೊನೆಯ ದಿನ ನನ್ನ ಗಂಡನಿಗೆ ಎಂತ ಆಯಿತು, ಪಕ್ಕದ ಕೋಣೆಯಲ್ಲಿ ಇದ್ದವರು ನೀವಲ್ವಾ, ಆ ಪ್ರಶ್ನೆಗೆ ಉತ್ತರ ಭೂಮಿಯ ಮೇಲೆ ಇರುವುದು ಅವನೊಬ್ಬನ ಹತ್ತಿರ, ಆ ಉತ್ತರವನ್ನು ಅವನು ಹೆಂಡತಿ ಐರಿನ್‌ಗೂ ಹೇಳಿಲ್ಲ. ಐರಿನ್ ಇವತ್ತು ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತಲೇ ಮಾತಾಡಿದಳು, ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿಕೊಂಡರೆ ಅವಳ ಮಾತು ಒಂದು ಥರ, ಆ ಥರವೇ ಕೇಳಿಸಿ ಅವನಿಗೆ ಎದೆ ತುಂಬಿ ಬಂತು, ಮದುವೆಗಳೇ ಇಲ್ಲ, ಹೂವು ಕೊಳ್ಳುವವರಿಲ್ಲ, ಆದರೂ ಮೊಗ್ಗು ಬಿಡುವುದನ್ನು ಗಿಡ ನಿಲ್ಲಿಸುವುದಿಲ್ಲವಲ್ಲ ಎಂದಳು, ಆಮೇಲೆ ನಾರು ತೆಗೆದು ಸ್ಪಷ್ಟವಾಗಿ ಹೇಳಿದಳು, ನೀವು ಜೋಸ್ಲಿನ್‌ಬಾಯಿಯ ಫೋನು ಯಾಕೆ ಎತ್ತುವುದಿಲ್ಲ, ಅವರು ನಿನ್ನೆ ನನಗೆ ಮಾಡಿದ್ದರು, ಇವತ್ತೂ ಸಿಗದಿದ್ದರೆ ಭಾನುವಾರ ಬಸ್ಸು ಹಿಡಿದು ನಮ್ಮ ಮನೆಗೇ ಬರುತ್ತಾರಂತೆ. ಬಂದರೆ ಎದುರು ಕೂರಬೇಕು, ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೇಳುತ್ತಾರೆ, ಐರಿನ್ ಚಾ ತರುತ್ತಾಳೆ, ಮುಖ ಎಲ್ಲಿ ಇಡುವುದು. ಇವತ್ತೇ ಎತ್ತಬೇಕು, ಫೋನಿನಲ್ಲಾದರೆ ಮುಖ ಬೇಡ, ಧ್ವನಿ ಮಾತ್ರ ಸಾಕು, ಧ್ವನಿಯನ್ನು ತಿದ್ದಿ ಮಡಚಿ ಚಂದ ಮಾಡಿ ಕೊಡುವುದು ಅವನ ಕಸುಬು.

ಮಂಗಳೂರಿನಲ್ಲಿ ಇಳಿದ ದಿನವೇ ಎತ್ತಬಹುದಿತ್ತು, ವಿಮಾನದಿಂದ ನೇರ ಬಸ್ಸಿಗೆ, ಕಿಟಕಿಯ ಗಾಜು ಇಳಿಸಬಾರದು, ಮೂಲ್ಕಿ, ಪಡುಬಿದ್ರಿ, ಕಾಪು ಬಂತು, ತೆಂಗಿನ ಮರಗಳ ನಡುವೆ ಒಮ್ಮೆ ಕಡಲು ಕಂಡಿತು, ಎಪ್ಪತ್ತು ದಿನ ಕಡಲು ನೋಡಿ ಬಂದವನು ಊರಿನ ಕಡಲು ಮರೆಯಾಗುವ ತನಕ ಕತ್ತು ತಿರುಗಿಸಿ ನೋಡಿದ, ಕಟಪಾಡಿ ಜಂಕ್ಷನ್ನಿನಲ್ಲಿ ಬಸ್ಸು ನಿಧಾನವಾಯಿತು, ಬಲಕ್ಕೆ ತಿರುಗಿದರೆ ಹತ್ತು ನಿಮಿಷ, ಶಂಕರಪುರ, ಮನೆ, ಐರಿನ್, ಬಸ್ಸು ತಿರುಗಲಿಲ್ಲ, ಅವನು ಗಾಜಿನ ಮೇಲೆ ಅಂಗೈ ಇಟ್ಟ, ಹಿಂದಿನ ಸೀಟಿನಿಂದ ಯಾರೋ ಕೆಮ್ಮಿದರು, ಬಸ್ಸಿಡೀ ಆ ಕೆಮ್ಮಿನ ಕಡೆ ತಿರುಗಿತು, ಅವನೂ ತಿರುಗಿದ — ಕೆಮ್ಮು, ಆ ಕೆಮ್ಮು ಬೇರೆ, ಇದು ಬೇರೆ, ಅದು ಗೋಡೆಯಾಚೆಯಿಂದ ಬಂದ ಕೆಮ್ಮು, ಬಾರ್ಬಡೋಸ್ ದ್ವೀಪದ ಹೊರಗೆ ಲಂಗರು ಹಾಕಿ ಯಾವ ಬಂದರೂ ಒಳಗೆ ಕರೆಯದೆ ನಿಂತ ಹಡಗು, ಪ್ರವಾಸಿಗಳನ್ನೆಲ್ಲ ಇಳಿಸಿಯಾಗಿತ್ತು, ಉಳಿದವರು ಕೆಲಸದವರು, ಅಕ್ಕಪಕ್ಕ ಸೇರಬಾರದೆಂದು ಒಬ್ಬೊಬ್ಬರಿಗೆ ಪ್ರವಾಸಿಗಳ ಒಂದೊಂದು ಕೋಣೆ ಕೊಟ್ಟರು, ಹೊರಗೆ ಬರಬಾರದು. ಹನ್ನೊಂದು ವರ್ಷ ತಾನೇ ಹಾಸಿದ ಆ ಅಗಲದ ಹಾಸಿಗೆಯ ಮೇಲೆ ಮೊದಲ ದಿನ ಅವನು ಮಲಗಲಿಲ್ಲ, ಅಂಚಿನಲ್ಲಿ ಕುಳಿತ, ಯಾರಾದರೂ ಬಂದು ಏಳಿಸಿಯಾರು ಎಂಬ ಹಾಗೆ. ಗೋಡೆಯಾಚೆ ಬೆಂಜಮಿನ್‌ಬಾಬ್, ಅಡುಗೆಮನೆಯಲ್ಲಿ ಬ್ರೆಡ್ಡು ಬೇಯಿಸುವವನು, ಐವತ್ತನಾಲ್ಕು ವರ್ಷ, ಇದೇ ಕೊನೆಯ ಹಡಗು ಎಂದು ನಾಲ್ಕು ಹಡಗಿನಿಂದ ಹೇಳುತ್ತಾ ಬಂದವನು, ಮೊದಲ ಸಂಜೆ ಏಳಕ್ಕೆ ಫೋನು ಮಾಡಿ ಕೇಳಿದ, ಲಿಡ್ವಿನ್, ತೇರ್ಸ್ ಹೇಳುವುದುಂಟಾ, ಒಬ್ಬನೇ ಹೇಳಿದರೆ ನನಗೆ ನಡುವೆ ನಿದ್ದೆ ಬರುತ್ತದೆ ಮಾರಾಯ.

ತೇರ್ಸ್ ಎಂದರೆ ಮನೆಯಲ್ಲಿ ಸಂಜೆ ಎಲ್ಲರೂ ಮೊಣಕಾಲೂರಿ ಹೇಳುವ ಜಪಮಾಲೆ, ಒಬ್ಬರು ಮೊದಲರ್ಧ ಹೇಳಬೇಕು, ಉಳಿದವರು ಉಳಿದರ್ಧ ಹೇಳಿ ಮುಗಿಸಬೇಕು, ಹತ್ತು ಸಲ ಹಾಗೆ, ಅಂಥ ಹತ್ತುಗಳು ಐದು, ಒಬ್ಬನೇ ಹೇಳುವಾಗ ಎರಡರ್ಧವೂ ಅವನದೇ ಆಗಿಬಿಡುತ್ತದೆ, ಕೊಂಕಣಿ ಮನೆಯಲ್ಲಿ ಹುಟ್ಟಿದವನಿಗೆ ಅದಕ್ಕಿಂತ ಒಂಟಿತನ ಬೇರೆ ಇಲ್ಲ. ಹಡಗಿನ ಗೋಡೆ ತೆಳು ತಗಡು, ಬೆಂಜಮಿನ್‌ಬಾಬನದು ದಪ್ಪ ಧ್ವನಿ, ಅವನ ಅರ್ಧ ಗೋಡೆ ದಾಟಿ ಬರುತ್ತಿತ್ತು, ಇವನು ಗೋಡೆಗೆ ಬಾಯಿ ಹಚ್ಚಿ ಇವನ ಅರ್ಧ ಹೇಳುತ್ತಿದ್ದ, ಒಂದು ಹತ್ತು ಮುಗಿದರೆ ಬೆಂಜಮಿನ್‌ಬಾಬ್ ಮದುವೆಯುಂಗುರದಿಂದ ಗೋಡೆಗೆ ಒಮ್ಮೆ ಟಕ್ ಅನ್ನಿಸುವನು, ಇವನು ಟಕ್ ಎಂದು ಮರಳಿಸಿದರೆ ಮುಂದಿನ ಹತ್ತು. ಐವತ್ತೊಂಬತ್ತು ಸಂಜೆ ಹಾಗೆ ನಡೆಯಿತು, ಒಂದು ಸಂಜೆಯೂ ತಪ್ಪಲಿಲ್ಲ, ಮುಖ ನೋಡದೆ ಮನುಷ್ಯನನ್ನು ಇಷ್ಟು ಹಚ್ಚಿಕೊಳ್ಳಬಹುದೆಂದು ಅವನಿಗೆ ಗೊತ್ತಿರಲಿಲ್ಲ, ಬೆಂಜಮಿನ್‌ಬಾಬ್ ಇಲ್ಲದಿದ್ದರೆ ಆ ಕೋಣೆಯಲ್ಲಿ ಅವನಿಗೆ ಹುಚ್ಚೇ ಹಿಡಿಯುತ್ತಿತ್ತು. ಅರವತ್ತನೆಯ ದಿನ ಸುದ್ದಿ ಬಂತು, ಊರಿಗೆ ವಿಮಾನ ಉಂಟು, ಹೆಸರಿನ ಪಟ್ಟಿ ನಾಳೆ ಬೆಳಿಗ್ಗೆ, ಅದರ ಬೆನ್ನಿಗೇ ಇನ್ನೊಂದು ಸುದ್ದಿ, ಕೆಳಗಿನ ಮಾಳಿಗೆಯಲ್ಲಿ ಒಬ್ಬನಿಗೆ ಜ್ವರ, ಅವನ ಪಕ್ಕದ ಕೋಣೆಯ ಸಿರಿಲ್‌ನನ್ನೂ ಪಟ್ಟಿ ಬರುವ ಮೊದಲೇ ಅದರಿಂದ ತೆಗೆದರಂತೆ, ಸಿರಿಲ್‌ಗೆ ಕೆಮ್ಮೂ ಇರಲಿಲ್ಲ, ಪಾಪ, ಪಕ್ಕದವನಿಗೆ ಹುಷಾರಿಲ್ಲ ಎಂದು ಫೋನು ಮಾಡಿ ಹೇಳಿದ್ದೇ ಅವನ ತಪ್ಪು. ಅದೇ ಮಧ್ಯಾಹ್ನ ಗೋಡೆಯಾಚೆ ಕೆಮ್ಮು ಶುರುವಾಯಿತು.

ಸಂಜೆ ಏಳಕ್ಕೆ ಬೆಂಜಮಿನ್‌ಬಾಬ್ ಶುರು ಮಾಡಿದ, ಧ್ವನಿ ತೆಳುವಾಗಿತ್ತು, ಮೊದಲ ಹತ್ತು, ಟಕ್, ಟಕ್, ಎರಡನೆಯದು, ಟಕ್, ಟಕ್, ಮೂರನೆಯದರ ನಡುವೆ ಕೆಮ್ಮು ಎದ್ದು ನಿಲ್ಲಲೇ ಇಲ್ಲ, ಹೇಗೋ ಮುಗಿಸಿದ, ಟಕ್ — ಲಿಡ್ವಿನ್ ಮರಳಿಸಲಿಲ್ಲ. ಕೈ ಎತ್ತಿದ್ದ, ಬೆರಳು ಮಡಚಿದ್ದ, ಆಗ ಸಿರಿಲ್ ನೆನಪಾದ, ನಾಳೆ ಯಾರಾದರೂ ಕೇಳಿದರೆ, ಪಕ್ಕದವನ ಜೊತೆ ನಿನಗೆ ಸಂಪರ್ಕ ಇತ್ತಾ ಎಂದು, ಗೋಡೆ ತಟ್ಟುವುದೂ ಸಂಪರ್ಕವೇ ಎಂದು ಬರೆದುಕೊಂಡರೆ, ಈಗ ಯೋಚಿಸಿದರೆ ಮಗುವೂ ನಗುವ ಮಾತು, ಆಗ ನಗು ಬರಲಿಲ್ಲ, ಆಗ ಕಣ್ಣ ಮುಂದೆ ಇದ್ದದ್ದು ಪಟ್ಟಿ ಮಾತ್ರ. ಮತ್ತೆ ಟಕ್, ಸ್ವಲ್ಪ ಬಿಟ್ಟು ಟಕ್ ಟಕ್, ಆಮೇಲೆ ಮೂರು, ಆಮೇಲೆ ಅಂಗೈಯಿಂದ ದಪ್ ದಪ್ ಎಂದು ಬಡಿದ ಸದ್ದು, ಲಿಡ್ವಿನ್ ಎಂದು ಕರೆದ ಹಾಗೂ ಕೇಳಿಸಿತು, ಕೋಣೆಯ ಫೋನು ರಿಂಗಾಯಿತು, ಅವನು ಎತ್ತಲಿಲ್ಲ, ವೈದ್ಯರ ನಂಬರು ಅದೇ ಫೋನಿನ ಮೇಲೆ ಕೆಂಪಕ್ಷರದಲ್ಲಿ ಇತ್ತು, ಒತ್ತಲಿಲ್ಲ, ಟೀವಿ ಹಾಕಿದ, ಧ್ವನಿ ಏರಿಸಿದ, ಯಾರೋ ಕೇಕು ಮಾಡುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅವನು ಆ ಕೇಕು ಪೂರ್ತಿ ಆಗುವ ತನಕ ನೋಡಿದ. ಬೆಳಿಗ್ಗೆ ಓಣಿಯಲ್ಲಿ ಚಕ್ರದ ಸದ್ದು, ಹಡಗಿನಿಂದ ದೋಣಿಗೆ, ದೋಣಿಯಿಂದ ಯಾವುದೋ ಆಸ್ಪತ್ರೆಗೆ, ನಾಲ್ಕು ದಿನಕ್ಕೆ ಮುಗಿಯಿತು, ಅಲ್ಲೇ ಮಣ್ಣು ಮಾಡಿದರು, ಜೋಸ್ಲಿನ್‌ಬಾಯಿಗೆ ಶಿಲುಬೆಯ ಒಂದು ಫೋಟೊ ಬಂತು. ಲಿಡ್ವಿನ್‌ನ ಹೆಸರು ಪಟ್ಟಿಯಲ್ಲಿ ಇತ್ತು, ಅವನನ್ನು ಯಾರೂ ಏನೂ ಕೇಳಲೇ ಇಲ್ಲ.

ಮೇಜಿನ ಮೇಲೆ ಫೋನು ನಡುಗಿತು. ಹದಿಮೂರು ದಿನ ತಿದ್ದಿ ಇಟ್ಟುಕೊಂಡ ಮಾತುಗಳು ಇವೆ, ಬೆಂಜಮಿನ್‌ಬಾಬ್ ನೋವು ಪಡಲಿಲ್ಲ, ನಿಮ್ಮ ಹೆಸರು ಹೇಳುತ್ತಿದ್ದರು, ನಾನೇ ವೈದ್ಯರನ್ನು ಕರೆದೆ, ಮೂರನೆಯದನ್ನು ಹೇಳುವುದು ಸಾಧ್ಯವಾ, ಹೇಳಿದರೆ ಬದುಕುವುದು ಸಾಧ್ಯವಾ, ಇಲ್ಲ, ನಿಜ ಹೇಳುತ್ತೇನೆ, ಬೈಯಲಿ, ಶಾಪ ಹಾಕಲಿ, ಅವರ ಕೈಯಿಂದ ಬೈಸಿಕೊಳ್ಳದೆ ನಾನು ಐರಿನ್‌ಳ ಎದುರು ಊಟಕ್ಕೆ ಕೂರುವುದು ಹೇಗೆ, ಅನ್ನದ ಕೈಯಲ್ಲೇ ಎತ್ತಿದ, ಹಲೋ ಅಂದ. ಆಚೆ ಒಂದು ಉಸಿರು, ದೂರದಲ್ಲಿ ಕೋರೆಯಲ್ಲಿ ಕಲ್ಲು ಒಡೆಯುವ ಸದ್ದು, ಆಮೇಲೆ, ಅಂತೂ ಸಿಕ್ಕಿದಿರಲ್ಲ ಲಿಡ್ವಿನ್‌ಬಾಬ್, ನಿಮಗೆ ಸೌಖ್ಯ ಉಂಟಲ್ವಾ ಎಂದರು ಜೋಸ್ಲಿನ್‌ಬಾಯಿ. ಬಾಯಿ, ನಾನು ನಿಮಗೆ ಒಂದು ಹೇಳಬೇಕು ಎಂದು ಅವನು ಶುರು ಮಾಡಿದ. ಅವರು ತಡೆದರು, ಮೊದಲು ನನ್ನದು ಕೇಳಿ, ಹದಿಮೂರು ದಿನದಿಂದ ಇಟ್ಟುಕೊಂಡಿದ್ದೇನೆ, ಆ ಸಂಜೆ ಇವರು ನನಗೆ ಫೋನು ಮಾಡಿದ್ದರು, ತೇರ್ಸ್ ಅರ್ಧಕ್ಕೆ ನಿಂತಿತು, ಲಿಡ್ವಿನ್ ಮರಳಿಸುವುದಿಲ್ಲ, ಬಡಿದರೂ ಇಲ್ಲ, ಫೋನೂ ಎತ್ತುವುದಿಲ್ಲ, ಆ ಹುಡುಗ ತೇರ್ಸಿನ ನಡುವೆ ಎದ್ದು ಹೋಗುವವನಲ್ಲ, ಬಿದ್ದಿದ್ದಾನೋ ಎಂತದೋ ಅಂದರು, ನಿಮಗೇ ಎಷ್ಟು ಕೆಮ್ಮು ಉಂಟು, ಮೊದಲು ನಿಮ್ಮನ್ನು ನೋಡಲಿಕ್ಕೆ ಹೇಳಿ ಅಂದೆ ನಾನು, ನನ್ನದು ನಾಳೆಯೂ ಆಗುತ್ತದೆ, ಅವನದು ಚಿಕ್ಕ ಪ್ರಾಯ ಅಂದರು, ವೈದ್ಯರಿಗೆ ಎರಡು ಸಲ ಹೇಳಿದರಂತೆ, ಪಕ್ಕದ ಕೋಣೆಗೆ ಹೋಗಿ ನೋಡಿ ಅಂತ. ಜೋಸ್ಲಿನ್‌ಬಾಯಿಯ ಧ್ವನಿ ಇಲ್ಲಿ ಸ್ವಲ್ಪ ಅಲುಗಿತು, ಮತ್ತೆ ನೆಟ್ಟಗಾಯಿತು. ಆಮೇಲೆ ಇವರ ಹತ್ತಿರ ನನಗೆ ಮಾತು ಸಿಗಲಿಲ್ಲ, ಇವರಿಗೆ ಕೊನೆಗೆ ಇದ್ದ ಚಿಂತೆ ಅದೊಂದೇ, ಅದಕ್ಕೆ ಕೇಳುವುದು, ಯಾರಾದರೂ ಬಂದು ನೋಡಿದರಾ, ಆ ದಿನ ನಿಮಗೆ ಎಂತ ಆಗಿತ್ತು?

ಎಂತ ಆಗಿತ್ತು — ನಾನು ಹುಷಾರಿದ್ದೆ ಬಾಯಿ, ಎಂದ ಲಿಡ್ವಿನ್, ಅದು ಅವನು ಹೇಳಲು ಹೊರಟಿದ್ದ ಎಲ್ಲವೂ ಆಗಿತ್ತು, ಅದಕ್ಕಿಂತ ದೊಡ್ಡ ಪಾಪನಿವೇದನೆ ಅವನ ಹತ್ತಿರ ಇರಲಿಲ್ಲ, ಆಚೆಯಿಂದ, ದೇವರು ದೊಡ್ಡವನು, ಅಷ್ಟು ಸಾಕು ನನಗೆ, ಎಂಬ ಮಾತು ಬಂತು, ಅದರ ಹಿಂದೆಯೇ ಅಳು ಬಂತು, ಯಾರಾದರೂ ಬಂದು ನೋಡಿದರಾ, ಬಂದಿದ್ದರು, ಹೌದು, ದಿನಕ್ಕೆ ಎರಡು ಸಲ ಜ್ವರ ನೋಡಲು ಬರುವ ನರ್ಸು ಆ ದಿನ ಮೂರನೆಯ ಸಲ ಬಂದಿದ್ದಳು, ಎಂಟು ಗಂಟೆ ಇರಬೇಕು, ಟೀವಿಯಲ್ಲಿ ಕೇಕಿನ ಮೇಲೆ ಕೆನೆ ಹಚ್ಚುತ್ತಿದ್ದರು, ಯಾಕೆ ಬಂದಳೆಂದು ಅವನು ಈ ಗಳಿಗೆಯ ತನಕ ಯೋಚಿಸಿಯೇ ಇರಲಿಲ್ಲ, ಆರ್ ಯು ಆಲ್‌ರೈಟ್ ಎಂದು ಅವಳು ಕೇಳಿದಳು, ಅವನು ಹನ್ನೊಂದು ವರ್ಷದ ನಗು ನಕ್ಕು ಫೈನ್, ಥ್ಯಾಂಕ್ಯೂ ಮ್ಯಾಡಮ್ ಎಂದ, ಅವಳು ಸಮಾಧಾನದಿಂದ ತಿರುಗಿದಳು, ಪಕ್ಕದ ಬಾಗಿಲಲ್ಲಿ ಬೆಂಜಮಿನ್‌ಬಾಬನ ಊಟದ ತಟ್ಟೆ ಆರೂವರೆಗೆ ಇಟ್ಟದ್ದು ಇಟ್ಟ ಹಾಗೇ ಇತ್ತು, ಮುಚ್ಚಳವೂ ತೆಗೆದಿರಲಿಲ್ಲ, ಅವಳ ಬಿಳಿ ಬೂಟು ತಟ್ಟೆಯ ಹತ್ತಿರ ಬಂತು, ಒಂದು ಮಾತು, ಮ್ಯಾಡಮ್ ಎಂದು ಒಂದೇ ಒಂದು ಮಾತು ಸಾಕಿತ್ತು, ಬಾಗಿಲು ಇನ್ನೂ ಅವನ ಕೈಯಲ್ಲೇ ಇತ್ತು — ಲಿಡ್ವಿನ್‌ಬಾಬ್, ಕೇಳಿಸುತ್ತದಾ, ಭಾನುವಾರ ನಾನು ಬಂದರೆ ಅಡ್ಡಿ ಇಲ್ಲವಲ್ಲ, ಅರ್ಧಕ್ಕೆ ನಿಂತದ್ದನ್ನು ಒಟ್ಟಿಗೆ ಕೂತು ಮುಗಿಸುವ — ಬಿಳಿ ಬೂಟು, ಮುಚ್ಚಳ ತೆಗೆಯದ ತಟ್ಟೆ, ಬಿಳಿ ಬೂಟು ತಟ್ಟೆಗೆ ತಾಗದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು, ಸುತ್ತಿಕೊಂಡು, ಮುಂದಕ್ಕೆ ಹೋಯಿತು, ಸುತ್ತಿಕೊಂಡು ಹೋಯಿತು, ಬಿಳಿ ಬೂಟು.