ಕೌದಿಗಿಟ್ಟ ಸೀರೆ

"ಕಣ್ಣು ಮುಚ್ಕೋಬ್ಯಾಡ. ಮುಚ್ಕೊಂಡ್ರ ಎಡವಿ ಬೀಳ್ತಿ" ಎಂದು ಜಯದೇವಿ ಮಗಳ ಕೈಯನ್ನು ಬಿಗಿಯಾಗಿ ಹಿಡಿದಳು. ಕರಿಯ ಪರದೆ ಅವರ ಹಿಂದೆ ಇಳಿದುಬಿದ್ದು ಹೊರಗಿನ ಸಂಜೆ ಬೆಳಕು ಮಾಯವಾಗಿತ್ತು.

"ನಾ ಎಲ್ಲಿ ಮುಚ್ಚೀನಿ? ನೀನ ಮುಚ್ಚಿದಿ" ಎಂದಳು ಸೃಷ್ಟಿ.

ಹುಡುಗಿ ಹೇಳಿದ್ದು ಖರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಜಯದೇವಿಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಆದರೆ ನಂಬಿಕೆ ಬೇರೆ, ಕತ್ತಲು ಬೇರೆ. ಹುಮನಾಬಾದ ರಸ್ತೆಯಲ್ಲಿ ಹೊಸದಾಗಿ ಆದ ಪಾರ್ಕಿನವರು ಈ ವರ್ಷ ದೀಪಾವಳಿ ರಜೆಗೆ ಭೂತಬಂಗಲೆ ಕಟ್ಟಿದ್ದರು. ಹ್ಯಾಲೊವೀನ್ ಎಂದು ಬಾಗಿಲಿನ ಮೇಲೆ ಬರೆಸಿ, ಪ್ಲಾಸ್ಟಿಕ್ಕಿನ ಕುಂಬಳಕಾಯಿಗಳಿಗೆ ಹಲ್ಲು ಕೊರೆದು ಸಾಲಾಗಿ ತೂಗುಹಾಕಿದ್ದರು. ಕುಂಬಳಕಾಯಿ ಒಡೆದು ದೃಷ್ಟಿ ತೆಗೆಯುವ ಊರಿನಲ್ಲಿ ಅದೇ ಕುಂಬಳಕಾಯಿಯಿಂದ ಹೆದರಿಸುವ ಧೈರ್ಯ ಅವರದು. ಸೃಷ್ಟಿಯ ಶಾಲೆಯ ಅರ್ಧ ಹುಡುಗರು ಆಗಲೇ ನೋಡಿಬಂದಿದ್ದರು. ಹೀಗಾಗಿ ಐವಾನ್-ಎ-ಶಾಹಿ ಬಡಾವಣೆಯ ಹತ್ತಿರದ ಮನೆಯಲ್ಲಿ ನಾಲ್ಕು ದಿನ ಇದೇ ಹಟ ನಡೆದು, ಕೊನೆಗೆ ಗಂಡ ಮಲ್ಲು ಸ್ಕೂಟರ್ ತೆಗೆದಿದ್ದ. ಬಂದವನು ಒಳಗೆ ಮಾತ್ರ ಬರಲಿಲ್ಲ. "ದಿನಾ ಆಫೀಸಿನ್ಯಾಗ ನೋಡಾಕತ್ತೀನಿ, ರೊಕ್ಕ ಕೊಟ್ಟು ಮತ್ಯಾಕ ನೋಡ್ಲಿ?" ಎಂದು ಮಿರ್ಚಿ ಭಜಿಯ ಅಂಗಡಿ ಮುಂದೆ ಕುರ್ಚಿ ಹಿಡಿದು ಕೂತುಬಿಟ್ಟ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.

ಒಳಗೆ ಕರಿಯ ಬಟ್ಟೆಯ ಗೋಡೆಗಳ ನಡುವೆ ಒಬ್ಬರೇ ಹೋಗುವಷ್ಟು ಇರುಕಾದ ಓಣಿ. ಅದು ಎಲ್ಲಿ ತಿರುಗುತ್ತದೆ, ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದು ತಿಳಿಯುತ್ತಿರಲಿಲ್ಲ. ಒಂದು ಕಡೆ ಅಸ್ಥಿಪಂಜರ ಬಾಗಿಲು ತೆರೆದು ನಕ್ಕಿತು. ಇನ್ನೊಂದು ಕಡೆ ಕೊಡಲಿ ಹಿಡಿದವನೊಬ್ಬ ಎದುರಿಗೆ ಹಾರಿದಾಗ ಹಿಂದೆ ಬರುತ್ತಿದ್ದ ಗುಂಪಿನ ಹುಡುಗಿಯರೆಲ್ಲ ಕಿರುಚಿ ಆಮೇಲೆ ಬಿದ್ದು ಬಿದ್ದು ನಕ್ಕರು. ಸೃಷ್ಟಿ ಅಮ್ಮನ ಸೊಂಟಕ್ಕೆ ಅಂಟಿಕೊಂಡು ನಡೆಯುತ್ತಿದ್ದಳು. ಮುಂದೆ ಗೋಡೆ ಬಟ್ಟೆಯದಲ್ಲ, ಕಲ್ಲಿನದು ಎನ್ನಿಸಿತು. ಜಯದೇವಿ ಆಸರೆಗೆ ಕೈ ಇಟ್ಟಳು. ಒರಟಾದ, ತಣ್ಣಗಿನ, ಮಡಿಕೆ ಮಡಿಕೆಯಾದ ಗೋಡೆ. ಹಳೆಯ ಬಾವಿಯೊಂದರ ಒಳಗೆ ಇಳಿದಹಾಗೆ ದಾರಿ ಸುತ್ತಿಕೊಂಡು ಹೋಗುತ್ತಿತ್ತು.

ಬಾವಿಯ ತಳದಲ್ಲಿ ಒಂದು ಬಲ್ಬು ಹತ್ತಿ ಆರುತ್ತಿತ್ತು. ಅದರ ಕೆಳಗೆ ಒಬ್ಬ ಹೆಂಗಸು ಇವರಿಗೆ ಬೆನ್ನು ಮಾಡಿ ಕುಳಿತು ಉದ್ದ ಕೂದಲು ಬಾಚಿಕೊಳ್ಳುತ್ತಿದ್ದಳು. ಮಾಸಿದ ಗಿಣಿಹಸಿರು ಹತ್ತಿಯ ಸೀರೆ, ಕೆಂಪು ದಡಿ, ಬೆನ್ನ ಮೇಲೆ ಇಳಿದ ಸೆರಗು. ಸೆರಗಿನ ತುದಿಯ ಹತ್ತಿರ ಒಲೆಯ ಕಿಡಿ ಸುಟ್ಟ ತೂತು. ಆ ತೂತಿಗೆ ಗುಲಾಬಿ ದಾರದಿಂದ ಹಾಕಿದ, ಅಂಗೈ ಅಗಲದ ರಫೂ ಹೊಲಿಗೆ.

ಬಲ್ಬು ಆರಿತು. ಮತ್ತೆ ಹತ್ತಿತು. ರಫೂ ಅಲ್ಲೇ ಇತ್ತು.

ಹಸಿರು ಸೀರೆಗೆ ಗುಲಾಬಿ ದಾರ ಹಾಕುವವರು ಲೋಕದಲ್ಲಿ ಒಬ್ಬರೇ ಇದ್ದರು. ಅವರು ಜಯದೇವಿಯ ಅವ್ವ ಶಾರದಾಬಾಯಿ. ಅದೂ ಅವರ ತಪ್ಪಲ್ಲ. ಕೊನೆಯ ದಿನಗಳಲ್ಲಿ ದವಾಖಾನೆಗೆಂದು ಕಮಲಾಪುರದಿಂದ ಮಗಳ ಮನೆಗೆ ಬಂದು ಉಳಿದಾಗ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸೂಜಿ ಪೋಣಿಸಿಕೊಡುವ ಕೆಲಸ ಮೊಮ್ಮಗಳದು. ಮೊಮ್ಮಗಳಿಗೆ ಗುಲಾಬಿ ಬಿಟ್ಟು ಬೇರೆ ಬಣ್ಣ ಬಣ್ಣವೇ ಅಲ್ಲ. ರಫೂ ಮುಗಿಸಿ ಆ ಸೀರೆಯನ್ನೂ, ಅದರ ಜೊತೆ ಮೆತ್ತಗೆ ಸವೆದ ಇನ್ನಷ್ಟು ಹತ್ತಿ ಸೀರೆಗಳನ್ನೂ ತೊಳೆಸಿ, ಮಡಚಿ, ಗಂಟು ಕಟ್ಟಿ ಜಯದೇವಿಯ ಕೈಗೆ ಕೊಟ್ಟಿದ್ದರು. "ಊರಾಗಿನ ಭೀಮಬಾಯಿ ಕೈಲೆ ಹೊದಿಯಾಕ ಕೌದಿ ಹೊಲಿಸು. ಪೋರಿ ಎಲ್ಲಿಗ್ ಹೋದ್ರೂ ನನ್ನ ಮೈಮ್ಯಾಲಿಂದು ಅಕಿ ಮೈಮ್ಯಾಲ ಇರ್ತದ" ಎಂದಿದ್ದರು. ಆಯ್ತವ್ವ ಎಂದಿದ್ದಳು ಜಯದೇವಿ. ಬೇಸಿಗೆಯಲ್ಲಿ ಅವ್ವ ಹೋದರು.

ಗಂಟು ಅಲಮಾರಿಯ ಕೆಳಖಾನೆಯಲ್ಲಿ ಉಳಿಯಿತು. ಕಮಲಾಪುರವೇನು ಕಾಶಿಯಲ್ಲ, ಬಸ್ ಹತ್ತಿದರೆ ತಾಸಿನೊಳಗೆ ಮುಟ್ಟಬಹುದು. ಆದರೂ ಈ ರವಿವಾರ ಪರೀಕ್ಷೆಯ ಪೇಪರು, ಮುಂದಿನ ರವಿವಾರ ಯಾರದೋ ಮದುವೆ. ಅಲಮಾರಿ ತೆಗೆದಾಗಲೆಲ್ಲ ಗಂಟು ಕಣ್ಣಿಗೆ ಬೀಳುತ್ತಿತ್ತು. ಮೊದಮೊದಲು ಅಯ್ಯೋ ಎನಿಸುತ್ತಿದ್ದದ್ದು ಬರಬರುತ್ತಾ ಸಿಟ್ಟು ಬರಿಸತೊಡಗಿತು. ಮಾಡದ ಕೆಲಸದ ಮೇಲೆ ಬರುವ ಸಿಟ್ಟು ಅದು. ತನ್ನ ಮೇಲೆ ಬರಬೇಕಾದದ್ದು ಗಂಟಿನ ಮೇಲೆ ಬರುತ್ತಿತ್ತು.

ದಸರೆಗೆ ಮನೆ ತೊಳೆಯುವ ದಿನ ಹಾಸಿಗೆ ಹೊದಿಕೆಯೆಲ್ಲ ಹೊರಗೆ ಬಿದ್ದಿತ್ತು. ನಳದ ನೀರು ಹೋಗುವ ಹೊತ್ತಾಗಿತ್ತು. ಆಗಲೇ ಓಣಿಯಲ್ಲಿ "ಹಳೀ ಅರಿವಿಗೆ ಭಾಂಡೇ..." ಎಂದು ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತವಳ ಕೂಗು ಬಂತು. ಜಯದೇವಿ ಮಲ್ಲುವಿನ ಎರಡು ಹಳೆಯ ಪ್ಯಾಂಟು ಕೊಟ್ಟಳು. ಅವಳು ಮುಚ್ಚಳದ ಡಬ್ಬಿ ಎತ್ತಿ ತೋರಿಸಿ, "ಇನ್ನ ಜರಾ ಹಾಕ್ರಿ ಅಕ್ಕಾ, ಇದನ್ನ ಕೊಟ್ಟ ಹೋಗ್ತೀನಿ" ಎಂದಳು. ಜಯದೇವಿ ಒಳಗೆ ಹೋದಳು, ಗಂಟು ತಂದಳು, ಬುಟ್ಟಿಯ ಪಕ್ಕ ಇಟ್ಟಳು. ಮರೆತು ಕೊಟ್ಟೆ ಎಂದು ಆಮೇಲೆ ಅವಳು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಮರೆತಿರಲಿಲ್ಲ. ಕೈ ಹಗುರಾದರೆ ಸಾಕಾಗಿತ್ತು.

ಎರಡು ದಿನ ಬಿಟ್ಟು ಸೃಷ್ಟಿ ಅಜ್ಜಿಯ ಗಂಟಿನ ಬಗ್ಗೆ ಕೇಳಿದಳು. "ಅವ್ವ, ಆಯಿ ಗಂಟು ಎಲ್ಲಿ?"

"ಕಮಲಾಪುರಕ್ಕ ಕಳಿಸೀನಿ. ಭೀಮಬಾಯಿ ಆಯಿ ಹೊಲ್ಯಾಕತ್ತಾರ. ದೀಪಾವಳಿಗೆ ಆಗ್ತದ."

ಅಂದಿನಿಂದ ಹುಡುಗಿ ದೀಪಾವಳಿಯ ದಾರಿ ಕಾಯುತ್ತಿದ್ದದ್ದು ಪಟಾಕಿಗಲ್ಲ.

ಬಾವಿಯ ಹೆಂಗಸು ಥಟ್ಟನೆ ತಿರುಗಿ, ಬಿಳಿಯ ಮುಖದಲ್ಲಿ ಕೆಂಪು ಬಾಯಿ ತೆರೆದು ಚೀರಿದಳು. ಹಿಂದಿನ ಗುಂಪಿನವರು ಒಬ್ಬರ ಮೇಲೊಬ್ಬರು ಬಿದ್ದರು. ಜಯದೇವಿ ಚೀರಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ ಸೆರಗು ಹಿಡಿದಳು. ಬಿಡಬೇಕೆಂದರೂ ಕೈ ಬಿಡಲೊಲ್ಲದು.

"ಅಯ್ಯ, ಟೀಚರ್! ನಾನ್ರಿ, ಪಂಚಶೀಲಾ!" ಎಂದಿತು ದೆವ್ವ, ಗಾಬರಿಯಾಗಿ. "ಅಂಜಬ್ಯಾಡ್ರಿ, ನಿಮ್ಮ ಸ್ಟೂಡೆಂಟ್ ರಿ ನಾ. ಸೀರಿ ಬಿಡ್ರಿ, ಹರೀತದ."

"ಮುಂದ ನಡೀರಿ" ಎಂದು ಹಿಂದಿನವರು ದೂಡಿದರು. ಕೈ ತಪ್ಪಿತು. ಆಗ ಜಯದೇವಿಗೆ ಮಗಳ ನೆನಪಾಯಿತು. ಸೃಷ್ಟಿ ಸೊಂಟ ಬಿಟ್ಟು ಪಕ್ಕದಲ್ಲಿ ನಿಂತಿದ್ದಳು. ಅವಳೂ ಚೀರಿರಲಿಲ್ಲ. ಅವಳ ಕಣ್ಣು ದೆವ್ವದ ಮುಖದ ಮೇಲಿತ್ತೋ ಸೆರಗಿನ ಮೇಲಿತ್ತೋ, ಅಷ್ಟರಲ್ಲಿ ಬಲ್ಬು ಆರಿತು.

ಹೊರಗೆ ಬಂದಾಗ ಇನ್ನೂ ನಸುಬೆಳಕಿತ್ತು. "ಅಂಜಿದೇನ?" ಎಂದು ಕೇಳಿದಳು ಜಯದೇವಿ.

"ಇಲ್ಲ."

"ಬಾವಿ ಹತ್ರ?"

"ಅಲ್ಲಿ ಕತ್ತಲಿತ್ತಲ್ಲ" ಎಂದು ಸೃಷ್ಟಿ ಅಪ್ಪನ ತಟ್ಟೆಯ ಭಜಿಗೆ ಕೈ ಹಾಕಿದಳು.

ಬಾತ್‌ರೂಮಿಗೆ ಹೋಗಿಬರುತ್ತೇನೆಂದು ಹೇಳಿ ಜಯದೇವಿ ಭೂತಬಂಗಲೆಯ ಹಿಂಭಾಗಕ್ಕೆ ಹೋದಳು. ತಗಡಿನ ಬಾಗಿಲ ಹತ್ತಿರ ಕೊಡಲಿಯವನೂ ಅಸ್ಥಿಪಂಜರವೂ ಚಹಾ ಕುಡಿಯುತ್ತಿದ್ದರು. ಪಂಚಶೀಲಾ ಚೂಡಿದಾರದ ಮೇಲೆ ಸುತ್ತಿಕೊಂಡ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ ನಿಂತಿದ್ದಳು. ಟೀಚರನ್ನು ಕಂಡು ಕಪ್ಪು ಕೆಳಗಿಟ್ಟಳು.

"ಡಿಗ್ರಿ ಲಾಸ್ಟ್ ಇಯರ್ ರಿ ಟೀಚರ್. ರಜಾ ಅದ ಅಂತ ಬಂದೀನಿ. ನೀವು ಭಾಳ ಅಂಜಿದ್ರೇನ್ರಿ?"

"ಹೂಂ" ಎಂದಳು ಜಯದೇವಿ. "ಈ ಸೀರಿ ಎಲ್ಲಿಂದವ್ವ?"

"ಹಳೀ ಅರಿವಿ ಮಾರೋರ ಕಡಿಂದ ಮೂಟಿಗಟ್ಟಲೆ ತಂದಾರ್ರಿ. ಇದೊಂದು ಮೆತ್ತಗಿತ್ತು, ನಾ ತೊಗೊಂಡೆ. ಬಾಕಿ ದೆವ್ವಗೋಳಿಗೆಲ್ಲ ನೈಲಾನ್ ರಿ, ಮೈಯೆಲ್ಲ ಕಡೀತದ."

"ಇದರ ಜೋಡಿ ಬ್ಯಾರೇವು ಇದ್ದವಲ್ಲ? ಒಂದ ನೀಲಿ, ಒಂದ ಅರಿಶಿಣದ್ದು, ಚೌಕಡಿದ್ದೊಂದು?"

"ಹೌದ್ರಿ, ಒಂದ ಗಂಟಿನ್ಯಾಗ ಇದ್ದವು. ಅವನ್ನ ಸಿಮೆಂಟ್ ನೀರಾಗ ಅದ್ದಿ ಬಾವಿ ಗ್ವಾಡಿಗಿ ಹಚ್ಚ್ಯಾರ. ಒಣಗಿದ್ರ ಕಲ್ಲಿನಂಗ ಕಾಣ್ತಾವಂತ. ಯಾಕ್ರಿ ಟೀಚರ್?"

ಜಯದೇವಿ ತನ್ನ ಬಲಗೈ ನೋಡಿಕೊಂಡಳು. ಅಂಗೈಗೆ ಬೂದು ಪುಡಿ ಹತ್ತಿತ್ತು. "ಅವು ನಮ್ಮವ್ವನ್ವು" ಎಂದಳು. ಅಷ್ಟು ಹೇಳುವಷ್ಟರಲ್ಲಿ ಅಳು ಒಡೆದು ಬಂತು. ಅವ್ವ ಹೋದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಅಸ್ಥಿಪಂಜರ ಕಪ್ಪು ಹಿಡಿದುಕೊಂಡು ಮೆಲ್ಲಗೆ ದೂರ ಸರಿಯಿತು.

ಪಂಚಶೀಲಾ ಅವಸರದಿಂದ ಸೀರೆ ಬಿಚ್ಚಿ, ಮಡಚಿ, ಎರಡೂ ಕೈಯಿಂದ ಕೊಟ್ಟಳು. "ಕೆಳಗಿನ ಅಂಚು ಕತ್ತರಿಸ್ಯಾರ್ರಿ, ಕೆಂಪು ಬಣ್ಣಾನೂ ಹಾಕ್ಯಾರ. ನಾ ಇದನ್ನ ಉಟ್ಟು ಮಂದೀಗಿ ಅಂಜಿಸೀನಿ. ತಪ್ಪ ತಿಳ್ಕೋಬ್ಯಾಡ್ರಿ ಟೀಚರ್."

"ನಿಂದೇನ ತಪ್ಪವ್ವ. ನೀನಾದ್ರೂ ಉಟ್ಟಿ" ಎಂದಳು ಜಯದೇವಿ. ಸೀರೆಯನ್ನು ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ನೀರಿನ ಬಾಟಲಿ ಇಟ್ಟು ಜಿಪ್ಪು ಎಳೆದಳು.

ಪಾಡ್ಯದ ಮರುದಿನ ಅವಳು ಮಗಳನ್ನು ಕರೆದುಕೊಂಡು ಕಮಲಾಪುರದ ಬಸ್ ಹತ್ತಿದಳು. ಅಣ್ಣ ದೌಲಪ್ಪನ ಮನೆಯಲ್ಲಿ ಊಟವಾಯಿತು. ಅವನು ತೋಟದ ಕೆಂಬಾಳೆಯ ಗೊನೆಯನ್ನೇ ಕಡಿದು ಕಟ್ಟಿಸುತ್ತಿದ್ದ. ಸೃಷ್ಟಿ ಅದನ್ನು ನೋಡುತ್ತ ಅಂಗಳದಲ್ಲಿ ನಿಂತಳು. ಅದೇ ಸಮಯ ಎಂದು ಜಯದೇವಿ ಬ್ಯಾಗು ತೆಗೆದುಕೊಂಡು ಓಣಿಯ ತುದಿಯ ಮನೆಗೆ ನಡೆದಳು. ಭೀಮಬಾಯಿ ಶಹಾಬಾದಿ ಕಲ್ಲಿನ ನೆಲದ ಮೇಲೆ ಯಾರದೋ ಕೌದಿ ಹರವಿಕೊಂಡು ಕಾಲು ಚಾಚಿ ಕೂತಿದ್ದರು. ಅವ್ವನ ಓರಗೆಯವರು. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಂದೇ ಕೌದಿಯ ಎರಡು ತುದಿ ಹಿಡಿದು ಹೊಲಿದವರು.

ಜಯದೇವಿ ಸುಳ್ಳನ್ನು ಮೊದಲೇ ಜೋಡಿಸಿಕೊಂಡು ಬಂದಿದ್ದಳು. ಆದರೆ ಅವರ ಮುಖ ನೋಡಿದಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು. ಡಬ್ಬಿಯ ಸಂಗತಿಯನ್ನೂ ಹೇಳಿ, ಹಸಿರು ಸೀರೆಯನ್ನು ತೆಗೆದು ಮುಂದಿಟ್ಟಳು. ಭೀಮಬಾಯಿ ಸೂಜಿಯನ್ನು ಕೌದಿಗೆ ಚುಚ್ಚಿ ಕೈ ಬಿಟ್ಟರು.

"ಒಂದ ಸೀರಿಲೆ ಕೌದಿ ಆಗೂದಿಲ್ಲ ತಂಗಿ. ಇದು ಬರೇ ಮ್ಯಾಲಿಂದು. ಒಳಗ ತುಂಬಾಕ ಏನ್ ತಂದಿ?"

"ನನ್ನ ಸೀರಿ ತಂದೀನಿ ಚಿಗವ್ವ. ಐದಾವ."

ಭೀಮಬಾಯಿ ಒಂದೊಂದನ್ನೇ ಬೆರಳಿನಲ್ಲಿ ಹೊಸೆದು ನೋಡಿ ಪಕ್ಕಕ್ಕೆ ಇಟ್ಟರು. "ಇವು ಎಲ್ಲಾ ಸಿಂಥೆಟಿಕ್. ಜಾರತಾವ. ಸೂಜಿ ಹಿಡಿಯಂಗಿಲ್ಲ, ಮೈ ಬೆವರೂ ಹೀರಂಗಿಲ್ಲ. ಶಾರದಿ ಉಟ್ಟು ಉಟ್ಟು ಮೆತ್ತಗ ಮಾಡಿದಂಥಾವು ಬೇಕು. ಎಲ್ಲಿಂದ ತರ್ತಿ?" ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಜಯದೇವಿಗೆ. "ಪೋರಿಗಿ ಗೊತ್ತದೇನ?" ಎಂದರು ಭೀಮಬಾಯಿ.

"ಇಲ್ಲ. ನೀವು ಹೊಲ್ಯಾಕತ್ತೀರಿ ಅಂತ ಹೇಳೀನಿ."

ಬಾಗಿಲಲ್ಲಿ ನೆರಳು ಬಿತ್ತು. ಜಯದೇವಿ ಹಸಿರು ಸೀರೆಯನ್ನು ಸರಕ್ಕನೆ ಬ್ಯಾಗಿನಲ್ಲಿ ಬಾಟಲಿಯ ಕೆಳಗೆ ತುರುಕಿ ಜಿಪ್ಪು ಎಳೆದಳು. ಸೃಷ್ಟಿ ಕೈಯಲ್ಲಿ ಒಂದು ಕೆಂಬಾಳೆ ಹಿಡಿದು ಒಳಗೆ ಬಂದು, ಭೀಮಬಾಯಿಯ ಕಾಲು ಮುಟ್ಟಿ ನಮಸ್ಕರಿಸಿ, ಹರವಿದ ಕೌದಿಯನ್ನು ನೋಡಿದಳು. ಅದು ತನ್ನದಲ್ಲ ಎಂಬುದು ಅವಳಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ.

"ನನ್ನ ಕೌದಿ ಆಯ್ತೇನ್ರಿ ಆಯಿ?"

ಭೀಮಬಾಯಿ ಜಯದೇವಿಯ ಕಡೆ ನೋಡಿದರು. ಜಯದೇವಿ ನೆಲ ನೋಡಿದಳು.

"ಆಗಿರಂಗಿಲ್ಲ ಬಿಡ್ರಿ" ಎಂದಳು ಸೃಷ್ಟಿ ತಾನೇ. "ಒಂದ ಸೀರಿ ನಮ್ಮ ಕಡೇನ ಉಳದಿತ್ತು. ಅದಕ್ಕ ಲೇಟ್ ಆಗ್ಯದ."

ಹಣ್ಣನ್ನು ಕಿಟಕಿಯಲ್ಲಿಟ್ಟು, ಅಮ್ಮನ ಬ್ಯಾಗಿನ ಜಿಪ್ಪು ಎಳೆದು, ನೀರಿನ ಬಾಟಲಿ ಪಕ್ಕಕ್ಕೆ ಸರಿಸಿ, ತಳದಿಂದ ಹಸಿರು ಸೀರೆಯನ್ನು ತೆಗೆದಳು. ಅದು ಅಲ್ಲಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಜಯದೇವಿಯ ಬಾಯಿಂದ "ಸೃಷ್ಟಿ" ಎಂದಷ್ಟೇ ಬಂತು. ಹುಡುಗಿ ತಿರುಗಿ ನೋಡಲಿಲ್ಲ. ಸೀರೆಯನ್ನು ನೆಲದ ಮೇಲೆ ಹರವಿ, ಕೆಂಪು ಬಣ್ಣ ಬಿದ್ದ ಮಗ್ಗುಲನ್ನು ಕೆಳಗೆ ಮಾಡಿ, ರಫೂ ಮೇಲೆ ಬರುವಂತೆ, ಕೌದಿಯ ದಪ್ಪಕ್ಕೆ ಪದರ ಪದರವಾಗಿ ಮಡಚಿದಳು. ಕತ್ತರಿಸಿದ ಅಂಚಿನ ನೂಲುಗಳನ್ನು ಬೆರಳಿನಿಂದ ಒಳಗೆ ಸೇರಿಸಿದಳು.

"ಅಳತಿ ನೋಡ್ರಿ ಆಯಿ" ಎಂದು ಅದರ ಮೇಲೆ ಮಲಗಿದಳು.

ಭೀಮಬಾಯಿ ಗೇಣು ಹಾಕುತ್ತ ಬಂದರು. ತಲೆಯಿಂದ ಭುಜ, ಭುಜದಿಂದ ಸೊಂಟ. ಮೊಣಕಾಲಿನ ಹತ್ತಿರ ಅವರ ಕೈ ನಿಂತಿತು. ಅಲ್ಲಿಗೆ ಸೀರೆ ಮುಗಿದಿತ್ತು. ಸೃಷ್ಟಿಯ ಎರಡು ಪಾದಗಳು ಅದರ ಆಚೆ, ತಣ್ಣನೆಯ ಬರೀ ಕಲ್ಲಿನ ಮೇಲಿದ್ದವು.